ದಂಡನೆಯ ಶಿಸ್ತು, ಕಾಯಕದ ಶಿಸ್ತು

ವಿಧಾನಸೌಧದ ಮುಂಭಾಗದಲ್ಲಿ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಲಾಗಿದೆ. ಆದರೆ ಆ ದೇವರ ಕೆಲಸವನ್ನು ದಂಡನೆಯಿಂದಲೇ ಮಾಡಿಸಬಹುದೆಂಬ ನಂಬಿಕೆ ಕಚೇರಿಗಳಲ್ಲಿ ಬೇರೂರಿದೆ. 1957ರ ನಾಗರಿಕ ಸೇವಾ ನಿಯಮಗಳಲ್ಲಿ ವಾಗ್ದಂಡನೆಯಿಂದ ವಜಾದವರೆಗೆ ಶಿಕ್ಷೆಗಳ ಪಟ್ಟಿಯೇ ಇದೆ. ಬಾಗಿಲಲ್ಲಿ ಬೆರಳಚ್ಚಿನ ಯಂತ್ರವಿದೆ. ಯಂತ್ರವು ನೌಕರನ ದೇಹ ಬಂದುದನ್ನು ಹೇಳೀತು, ಮನಸ್ಸು ಬಂದುದನ್ನು ಹೇಳಲಾರದು. ಹಾಜರಾತಿ ತುಂಬಿದರೂ ಕಡತ ಕದಲದಿರುವುದು ಇದಕ್ಕೇ.

ಹಾಗೆಂದು ಶರಣರು ಶಿಸ್ತನ್ನು ಕಡೆಗಣಿಸಿದವರಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಅದನ್ನು ಮರಳಿಸುವಂತೆ ಪತ್ನಿ ಲಕ್ಕಮ್ಮನವರು ಎಚ್ಚರಿಸಿದರು. ನೋಟೀಸಿಲ್ಲ, ವಿಚಾರಣೆಯಿಲ್ಲ, ತಿದ್ದಿದವರೂ ಅದೇ ವ್ರತಕ್ಕೆ ಬದ್ಧರಾಗಿದ್ದುದರಿಂದ ಮಾತು ನಾಟಿತು.

ಇಂದಿನ ಕೊರತೆ ಇಲ್ಲಿಯೇ ಇದೆ. ತಾನೇ ತಡವಾಗಿ ಬರುವ, ಸಲ್ಲದ ಹಣಕ್ಕೆ ಕೈಯೊಡ್ಡುವ ಅಧಿಕಾರಿಯು ಜವಾನನ ಹತ್ತು ನಿಮಿಷದ ವಿಳಂಬಕ್ಕೆ ಕಾರಣ ಕೇಳುವುದು ದರ್ಪವೆನಿಸುತ್ತದೆ. ದರ್ಪಕ್ಕೆ ಅಂಜಿದವನು ತಪ್ಪು ಮುಚ್ಚುವುದನ್ನು ಕಲಿಯುತ್ತಾನೆ, ಕೆಲಸ ಕಲಿಯುವುದಿಲ್ಲ. ಶಿಸ್ತು ಮೇಲಿನ ಕುರ್ಚಿಯಿಂದ ಆರಂಭವಾಗಲಿ. ಆಗ ಕೆಲಸವು ಕಾಯಕವಾದೀತು.