ಚಿತ್ರದ ಕೆಳಗೆ ಎರಡು ಸಹಿ

ಕಳೆದ ಭಾನುವಾರ ಮೊಮ್ಮಗಳು ಡಾನ್ ಕ್ವಿಕ್ಸೋಟ್ ಪುಸ್ತಕ ಹಿಡಿದು ಓಡಿಬಂದಳು. "ತಾತ, ಇಲ್ಲಿ ನೋಡು, ಇಲಿ ಮೇಲೆ ಕೂತು ಯುದ್ಧ!"

ಮೊದಲ ಚಿತ್ರವೇ ಅದು. ಬಡಕಲು ಆಸಾಮಿಯೊಬ್ಬ ಕುರ್ಚಿಯಲ್ಲಿ ಕೂತು, ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಕತ್ತಿ ಎತ್ತಿದ್ದಾನೆ. ಓದಿದ ಕಥೆಗಳ ವೀರರು, ರಾಕ್ಷಸರು ಕೋಣೆ ತುಂಬ ಎದ್ದು ಬಂದಿದ್ದಾರೆ. ಸ್ಪೇನಿನ ಸರ್ವಾಂಟಿಸ್ ಈ ಕಾದಂಬರಿಯನ್ನು 1605 ಮತ್ತು 1615ರಲ್ಲಿ ಎರಡು ಭಾಗವಾಗಿ ಪ್ರಕಟಿಸಿದ. (ಸ್ಪೇನಿನವರು 'ಕಿಹೋತೆ' ಎನ್ನುತ್ತಾರೆ. ನಮ್ಮ ನಾಲಿಗೆಗೆ ಕ್ವಿಕ್ಸೋಟ್ ಅಂಟಿಬಿಟ್ಟಿದೆ.) ಈ ಚಿತ್ರಗಳು ಬಂದದ್ದು 1863ರಲ್ಲಿ, ಪ್ಯಾರಿಸ್ಸಿನಲ್ಲಿ. ಬರೆದವನು ಗುಸ್ತಾವ್ ಡೋರೆ. ಆಗ ಅವನಿಗೆ ಮೂವತ್ತೊಂದು ವರ್ಷ. ಅದಕ್ಕೆ ಮೊದಲೇ ಸ್ಪೇನ್ ಸುತ್ತಿ ಬಂದಿದ್ದ.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಕಣ್ಣು ಮೊದಲು ಹೋಗುವುದು ಸಹಿಯ ಮೇಲೆ. ಕೆಳಗಿನ ಮೂಲೆಗಳಲ್ಲಿ ಎರಡಿದ್ದವು. ಒಂದು ಡೋರೆ, ಇನ್ನೊಂದು ಪಿಸಾನ್.

"ಪಿಸಾನ್ ಯಾರು ತಾತ?"

ಎಲಿಯೋಡೋರ್ ಪಿಸಾನ್ ಮರ ಕೊರೆದವನು. ಡೋರೆ ಗಟ್ಟಿಮರದ ನುಣುಪು ಅಚ್ಚಿನ ಮೇಲೇ ಚಿತ್ರ ಬರೆಯುತ್ತಿದ್ದ. ಅದೂ ಎಡಬಲ ತಿರುಗುಮುರುಗಾಗಿ, ಕನ್ನಡಿಯಲ್ಲಿ ಕಂಡಂತೆ. ಕುಂಚದಿಂದ ಮೋಡಕ್ಕೆ, ನೆರಳಿಗೆ ತೆಳುವಾಗಿ ಮಸಿ ಬಳಿದುಬಿಡುತ್ತಿದ್ದ. ಆದರೆ ಅಚ್ಚಿಗೆ ಗೊತ್ತಿರುವುದು ಎರಡೇ: ಕೊರೆದಲ್ಲಿ ಬಿಳುಪು, ಉಳಿದಲ್ಲಿ ಕಪ್ಪು. ಬೂದುಬಣ್ಣ ಎಲ್ಲಿಂದ ತರಬೇಕು? ಪಿಸಾನ್ ಕೂದಲೆಳೆಯಂಥ ಗೆರೆಗಳನ್ನು ಒತ್ತೊತ್ತಾಗಿ ಕೊರೆದು ತಂದ. ಉಳಿ ಜಾರಿದರೆ ಅಳಿಸಲು ರಬ್ಬರಿಲ್ಲ.

ಗಾಳಿಗಿರಣಿಯ ರೆಕ್ಕೆಗೆ ಸಿಕ್ಕಿ ಕುದುರೆ, ಸವಾರ ಇಬ್ಬರೂ ತಲೆಕೆಳಗಾಗುವ ಚಿತ್ರ ತೆಗೆದೆವು. ಭೂತಗನ್ನಡಿ ಇಟ್ಟರೆ ಆಕಾಶವೇ ಮಾಯ, ಬರೀ ಗೆರೆ! ಕನ್ನಡಿ ದೂರ ಸರಿಸಿದರೆ ಮತ್ತೆ ಆಕಾಶ. ಅರ್ಧ ಗಂಟೆ ಅದೇ ಆಟ ನಡೆಯಿತು. ನನ್ನ ಕಾಫಿ ಆರಿಹೋಯಿತು.

ಆಮೇಲೆ ಅವಳು ಪುಸ್ತಕದ ಹೊದಿಕೆ ತಿರುಗಿಸಿ ನೋಡಿದಳು. ಅಲ್ಲಿ ಡೋರೆಯ ಹೆಸರು ಮಾತ್ರ ಇತ್ತು. "ಇಬ್ಬರೂ ಸಹಿ ಹಾಕಿದ್ದಾರಲ್ಲ, ಇದು ಮೋಸ" ಎಂದಳು. 1863ರ ಪುಸ್ತಕದ ಶೀರ್ಷಿಕೆ ಪುಟದಲ್ಲಿ ಪಿಸಾನನ ಹೆಸರೂ ಇತ್ತಮ್ಮ ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ. ನನಗೂ ಆಗಲಿಲ್ಲ ಅನ್ನಿ. ಇಬ್ಬರ ಸಹಿ ಬೇಕಾದ ಚೆಕ್ಕಿಗೆ ಒಂದೇ ಸಹಿ ನೋಡಿ ನಾನು ಎಂದೂ ಹಣ ಕೊಡಿಸಿದವನಲ್ಲ.

ಪುಸ್ತಕದಲ್ಲಿ ಗೀಚಬಾರದೆಂಬುದು ನಮ್ಮ ಮನೆಯ ಕಟ್ಟಪ್ಪಣೆ. ಆವತ್ತು ನಾನೇ ಪೆನ್ಸಿಲ್ ಚೂಪು ಮಾಡಿಕೊಟ್ಟೆ. ಡೋರೆಯ ಹೆಸರಿನ ಪಕ್ಕ ಈಗ 'ಮತ್ತು ಪಿಸಾನ್' ಎಂದಿದೆ, ಸ್ವಲ್ಪ ಸೊಟ್ಟಗೆ.