ಶಾಲೆಯಲ್ಲಿ ಮೇಷ್ಟ್ರ ಮಾತು ನಡೆಯಬೇಕು

ಮನೆ ತುಮಕೂರಿನಲ್ಲಿ, ಶಾಲೆ ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಕಡೆಗೋ ಕುಣಿಗಲ್ಲಿನ ಹುಲಿಯೂರುದುರ್ಗದ ಕಡೆಗೋ. ನಮ್ಮ ಜಿಲ್ಲೆಯ ಎಷ್ಟೋ ಶಿಕ್ಷಕರ ದಿನ ಶುರುವಾಗುವುದೇ ಬಸ್ಸಿನಲ್ಲಿ. ‘ಮೇಷ್ಟ್ರು ಊರಲ್ಲಿ ನಿಲ್ಲೋದಿಲ್ಲ, ಸಂಜೆ ಬಸ್ಸಿಗೇ ಕಣ್ಣು’ ಎಂಬುದು ಊರಿನವರ ದೂರು. ದೂರಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಅದೇ ಬಸ್ಸಿಳಿದು ಅದೇ ಶಾಲೆಗೆ ಹೋಗುವ ಇಬ್ಬರಲ್ಲಿ ಒಬ್ಬರು ವರ್ಷಾನುಗಟ್ಟಲೆ ಆ ಮಕ್ಕಳಿಗಾಗಿ ಜೀವ ತೇಯುತ್ತಾರೆ, ಇನ್ನೊಬ್ಬರು ವರ್ಗಾವಣೆ ಪಟ್ಟಿಯ ದಾರಿ ಕಾಯುತ್ತಾರೆ. ದೂರ ಇಬ್ಬರಿಗೂ ಒಂದೇ, ಸಂಬಳದ ಶ್ರೇಣಿಯೂ ಒಂದೇ.

ಕೆಲಸದ ಜಾಗಕ್ಕೆ ಮನುಷ್ಯ ಅಂಟಿಕೊಳ್ಳುವ ಬಗೆಯನ್ನು ಕುರಿತು ಕೆನಡಾದ ಜಾನ್ ಮೇಯರ್ ಮತ್ತು ನಟಾಲಿ ಅಲೆನ್ 1991ರಲ್ಲಿ ಬರೆದದ್ದು ಇಂದಿಗೂ ಉಪಯೋಗಕ್ಕೆ ಬರುತ್ತದೆ. ಅವರು ಗುರುತಿಸಿದ್ದು ಮೂರು ಬಗೆ: ಇಷ್ಟಪಟ್ಟು ಇರುವುದು, ಬೇರೆ ದಾರಿಯಿಲ್ಲದೆ ಇರುವುದು, ಇರುವುದು ತನ್ನ ಧರ್ಮವೆಂದು ಇರುವುದು. ಹಾಜರಿ ಪುಸ್ತಕದಲ್ಲಿ ಮೂವರ ರುಜುವೂ ಒಂದೇ ಥರ ಕಾಣುತ್ತದೆ. ಮಕ್ಕಳಿಗೆ ಮಾತ್ರ ವಾರದೊಳಗೆ ವ್ಯತ್ಯಾಸ ಗೊತ್ತಾಗಿಬಿಡುತ್ತದೆ.

ಸಂಬಳ ಮುಖ್ಯವಲ್ಲ, ಸೇವಾಭಾವ ಮುಖ್ಯ ಎನ್ನುವವರ ಜೊತೆ ನನಗೆ ತಕರಾರಿದೆ. ತಿಂಗಳ ಕೊನೆಗೆ ಸಾಲ ಮಾಡುವ ಖಾಸಗಿ ಶಾಲೆಯ ಶಿಕ್ಷಕಿಗೆ ಸೇವೆಯ ಪಾಠ ಹೇಳುವುದು ಅನ್ಯಾಯ. 2006ರ ಏಪ್ರಿಲ್ 1ರ ನಂತರ ಸರ್ಕಾರಿ ಕೆಲಸಕ್ಕೆ ಸೇರಿದವರು ಹಳೆ ಪಿಂಚಣಿ ಕೇಳುತ್ತಿರುವುದರಲ್ಲೂ ತಪ್ಪಿಲ್ಲ. ಆದರೆ ಸಂಬಳ, ಪಿಂಚಣಿ ಶಿಕ್ಷಕರನ್ನು ನೌಕರಿಯಲ್ಲಿ ಉಳಿಸುತ್ತವೆ, ಅದು ಎರಡನೆಯ ಬಗೆ. ಇಂಥದೇ ಶಾಲೆಯ ಮೇಲೆ ಮನಸ್ಸು ನಿಲ್ಲುವಂತೆ ಮಾಡುವುದು ಅವುಗಳಿಂದ ಆಗದು.

ಧರ್ಮವೆಂದು ಇರುವವರನ್ನು ತುಮಕೂರಿನವರಿಗೆ ಪರಿಚಯಿಸಬೇಕಿಲ್ಲ. ಸಿದ್ಧಗಂಗಾ ಮಠದಲ್ಲಿ ಉಂಡು, ಓದಿ ಮೇಷ್ಟ್ರಾದವರು ಜಿಲ್ಲೆಯ ತುಂಬ ಇದ್ದಾರೆ. 2019ರ ಜನವರಿ 21ರಂದು ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದಾಗ ಅವರಲ್ಲಿ ಅನೇಕರಿಗೆ ಮನೆಯ ಹಿರಿಯರನ್ನು ಕಳೆದುಕೊಂಡಂತೆ ಆಯಿತು. ಅನ್ನದ ಋಣ, ಅಕ್ಷರದ ಋಣ ತೀರಿಸಬೇಕೆಂಬ ಹಂಬಲ ದೊಡ್ಡ ಶಕ್ತಿ. ಆದರೆ ಒಂದು ವ್ಯವಸ್ಥೆ ಎಲ್ಲ ಶಿಕ್ಷಕರಿಂದಲೂ ಇದನ್ನೇ ನಿರೀಕ್ಷಿಸಿ ಕೈಕಟ್ಟಿ ಕೂರಲಾಗದು. ಋಣಭಾವದ ಹೆಸರಿನಲ್ಲಿ ದುಡಿಸಿಕೊಳ್ಳುವ ಆಡಳಿತ ಮಂಡಳಿಗಳೂ ಇವೆ.

ಉಳಿದದ್ದು ಇಷ್ಟಪಟ್ಟು ಇರುವುದು. ಅದು ಹುಟ್ಟುವುದು ತರಗತಿಯಲ್ಲಿ, ಸಾಯುವುದೂ ಬಹುಪಾಲು ಅಲ್ಲೇ. ಗುಬ್ಬಿ ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯೊಬ್ಬರು ಭಿನ್ನರಾಶಿ ಹೇಳಿಕೊಡುತ್ತಿದ್ದುದನ್ನು ನೋಡಿದ್ದೇನೆ. ತೆಂಗಿನಕಾಯಿ ಒಡೆದು ಎರಡು ಹೋಳು ಮಾಡಿದರು. ಒಂದು ಹೋಳನ್ನು ಚಿಪ್ಪಿನಿಂದ ಬಿಡಿಸಿ ಎರಡಾಗಿ ಕೊಯ್ದು, ‘ಇದು ಕಾಯಲ್ಲಿ ಎಷ್ಟು ಭಾಗ?’ ಎಂದು ಕೇಳಿದರು. ಹಿಂದಿನ ಸಾಲಿನ ಹುಡುಗನೊಬ್ಬ ‘ಕಾಲು’ ಎನ್ನುವಷ್ಟರಲ್ಲಿ ಫೋನು ಬಂತು. ಎಷ್ಟು ಮಕ್ಕಳು ಮೊಟ್ಟೆ ತಿಂದರು, ಎಷ್ಟು ಮಂದಿ ಬಾಳೆಹಣ್ಣು ತೆಗೆದುಕೊಂಡರು, ತಕ್ಷಣ ಲೆಕ್ಕ ಕಳಿಸಬೇಕು. ಅವರು ಲೆಕ್ಕ ಕಳಿಸಿ ಬರುವುದರೊಳಗೆ ಮಕ್ಕಳು ಪಾಠದ ಕಾಯಿಯನ್ನು ಹಂಚಿಕೊಂಡು ತಿಂದಾಗಿತ್ತು. ಮೊಟ್ಟೆ, ಹಾಲು ನಮ್ಮ ಮಕ್ಕಳಿಗೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹುಡುಗನ ‘ಕಾಲು’ ಎಂಬ ಉತ್ತರವೇ ಆ ಶಿಕ್ಷಕಿಯನ್ನು ಮಾರನೆಯ ದಿನವೂ ಬಸ್ಸು ಹತ್ತಿಸುವಂಥದ್ದು. ಅದನ್ನು ಪೂರ್ತಿ ಸವಿಯಲೂ ಅವರಿಗೆ ಬಿಡುವಾಗಲಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಇವಿಷ್ಟನ್ನು ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚುವಂತಿಲ್ಲ. ಆದರೂ 2025ರ ದಸರಾ ರಜೆಯಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಮನೆಮನೆ ಸುತ್ತಿದ್ದು ಶಿಕ್ಷಕರೇ. ಕೆಲಸ ಮುಗಿಯದೆ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಸಮೀಕ್ಷೆ ಬೇಕೋ ಬೇಡವೋ ಎಂಬುದು ಬೇರೆ ಚರ್ಚೆ. ನಿನ್ನ ಪಾಠ ಕಾಯಬಹುದು, ಉಳಿದ ಯಾವುದೂ ಕಾಯದು ಎಂದು ಪದೇಪದೇ ಹೇಳಿಸಿಕೊಂಡವರು ಕೊನೆಗೆ ತಾವೂ ಅದನ್ನೇ ನಂಬತೊಡಗುತ್ತಾರೆ ಎಂಬುದು ನನ್ನ ಆತಂಕ.

ತಮ್ಮ ಮಾತು ನಡೆದಾಗ ಶಿಕ್ಷಕರು ಏನು ಮಾಡಬಲ್ಲರು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ನಲಿ ಕಲಿಯ ಉದಾಹರಣೆಯಿದೆ. 1990ರ ದಶಕದ ನಡುವೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರದ ಋಷಿವ್ಯಾಲಿಗೆ ಹೋಗಿ ಅಲ್ಲಿನ ಕಲಿಕಾ ಕಾರ್ಡುಗಳನ್ನು ಕಂಡು ಬಂದರು. ಬಂದವರು ಕಾಡಂಚಿನ ತಮ್ಮ ಮಕ್ಕಳಿಗೆ ಹೊಂದುವ ಕಾರ್ಡು, ಹಾಡು, ಆಟಗಳನ್ನು ತಾವೇ ಕೂತು ಕಟ್ಟಿದರು. ಅವರಿಗೆ ಹೆಚ್ಚಿನ ಭತ್ಯೆಯೇನೂ ಸಿಗಲಿಲ್ಲ. ಯಾವುದನ್ನು ಮೊದಲು ಕಲಿಸಬೇಕು, ಹೇಗೆ ಕಲಿಸಬೇಕು ಎಂದು ತೀರ್ಮಾನಿಸುವ ಅವಕಾಶ ಸಿಕ್ಕಿತು. ಮುಂದೆ 2009-10ರಿಂದ ನಲಿ ಕಲಿ ರಾಜ್ಯದ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆ ಬಂತು. ಕಾರ್ಡುಗಳು ಅಚ್ಚಾಗಿ ಬಂದವು, ಬಳಸುವ ಕ್ರಮ ತರಬೇತಿಯಲ್ಲಿ ಬಂತು, ಬಳಸಿದರೇ ಎಂದು ನೋಡಲು ತಪಾಸಣೆಯೂ ಬಂತು. ಕಟ್ಟಿದವರ ಹುರುಪು ಮಾತ್ರ ಪೆಟ್ಟಿಗೆಯಲ್ಲಿ ಬರಲಿಲ್ಲ.

ಈ ಹುರುಪನ್ನು ಒಂದು ಶಾಲೆಯ ಮಟ್ಟದಲ್ಲಿ ಉಳಿಸುವವರು, ಕೆಡಿಸುವವರು ಮುಖ್ಯ ಶಿಕ್ಷಕರು. ವೇಳಾಪಟ್ಟಿ ಮಾಡುವಾಗ ‘ನಿಮಗೆ ಯಾವ ತರಗತಿ ಅನುಕೂಲ ಮೇಡಂ?’ ಎಂದು ಕೇಳುವ ಮುಖ್ಯ ಶಿಕ್ಷಕರಿರುವ ಶಾಲೆಯಲ್ಲಿ ಜನ ನಿಲ್ಲುತ್ತಾರೆ. ಅಧಿಕಾರಿ ಬಂದಾಗ ಸಹೋದ್ಯೋಗಿಯ ತಪ್ಪನ್ನು ಮಕ್ಕಳೆದುರೇ ಎತ್ತಿ ಆಡುವವರಿರುವ ಕಡೆ, ತುಮಕೂರು ಪೇಟೆಯ ನಡುವೆಯೇ ಶಾಲೆಯಿದ್ದರೂ, ನಿಲ್ಲುವುದಿಲ್ಲ. ಒಳ್ಳೆಯ ಮೇಲಧಿಕಾರಿಗಿಂತ ದೊಡ್ಡ ಭತ್ಯೆ ಇಲ್ಲ ಎಂದು ಶಿಕ್ಷಕರು ಹೇಳುವುದನ್ನು ಬಹಳ ಸಲ ಕೇಳಿದ್ದೇನೆ.

ಇಷ್ಟಾದರೂ ನಮ್ಮ ನಿಯಮಗಳು ಶಿಕ್ಷಕರನ್ನು ನೋಡುವುದು ಹುದ್ದೆಗಳೆಂದೇ. ವರ್ಗಾವಣೆಗೆಂದು 2007ರಲ್ಲಿ ಒಂದು ಕಾಯ್ದೆ, 2020ರಲ್ಲಿ ಇನ್ನೊಂದು ಕಾಯ್ದೆ ಆಯಿತು. ಕೌನ್ಸೆಲಿಂಗ್ ಬಂದ ಮೇಲೆ ವಶೀಲಿ ತಗ್ಗಿತು, ಅದು ದೊಡ್ಡ ಲಾಭ. ಆದರೆ ಎ, ಬಿ, ಸಿ ಎಂದು ಶಾಲೆಗಳನ್ನು ವಲಯವಾರು ವಿಂಗಡಿಸಿದಾಗ ಸಿ ವಲಯದ ಹಳ್ಳಿಶಾಲೆ ಎಂದರೆ ಅವಧಿ ಮುಗಿಸಿ ಹೊರಡುವ ಜಾಗವೆಂಬ ಭಾವನೆಯೂ ಬಲಿಯಿತು. ಮಕ್ಕಳ ಸಂಖ್ಯೆ ಇಳಿದರೆ ಊರಿನವರ ಜೊತೆ ಸೇರಿ ಶಾಲೆ ಕಟ್ಟಿದ ಶಿಕ್ಷಕಿಯೂ ‘ಹೆಚ್ಚುವರಿ’ಯೆಂದು ಎಣಿಸಲ್ಪಟ್ಟು ಬೇರೆಡೆಗೆ ಹೋಗಬೇಕು. ಒಂದೇ ಶಾಲೆಯಲ್ಲಿ ಇಷ್ಟಪಟ್ಟು ಕಳೆದ ವರ್ಷಗಳಿಗೆ, ಅಲ್ಲಿ ಮಾಡಿದ ಕೆಲಸಕ್ಕೆ ಕೌನ್ಸೆಲಿಂಗಿನಲ್ಲಿ ತೂಕ ಇರಬೇಕು. ಉಳಿಯಬಯಸುವವರಿಗೂ ಒಂದು ಅರ್ಜಿ ನಮೂನೆ ಬೇಕು.

ಇಷ್ಟಪಟ್ಟ ಶಾಲೆಯಲ್ಲಿ ಉಳಿಯುವ ಅವಕಾಶ ಮೊದಲು ಸಿಗಬೇಕಾದದ್ದು ಅತಿಥಿ ಶಿಕ್ಷಕರಿಗೆ. ಖಾಲಿ ಹುದ್ದೆಯಿರುವ ಕಡೆ ಶಾಲೆ ನಡೆಯುತ್ತಿರುವುದೇ ಅವರಿಂದ. ಅವರಲ್ಲಿ ಅನೇಕರು ಅದೇ ಊರಿನವರು, ಮಕ್ಕಳ ತಾಯ್ತಂದೆಯರನ್ನು ಹೆಸರು ಹಿಡಿದು ಬಲ್ಲವರು. ಶೈಕ್ಷಣಿಕ ವರ್ಷ ಮುಗಿದೊಡನೆ ಅವರ ಕೆಲಸವೂ ಮುಗಿಯುತ್ತದೆ, ಜೂನ್‌ನಲ್ಲಿ ಕರೆ ಬರುತ್ತದೋ ಇಲ್ಲವೋ ಖಾತರಿಯಿಲ್ಲ. ಚೆನ್ನಾಗಿ ಪಾಠ ಮಾಡಿದ ಅತಿಥಿ ಶಿಕ್ಷಕರಿಗೆ ಮರುವರ್ಷ ಅದೇ ಶಾಲೆಗೆ ಮರಳುವ ಮೊದಲ ಹಕ್ಕನ್ನು ಕೊಡಬೇಕು, ಶಿಕ್ಷಕರ ಸಭೆಯಲ್ಲಿ ಅವರ ಮಾತನ್ನೂ ಕೇಳಬೇಕು. ಇದಕ್ಕೆ ಖರ್ಚೇನೂ ಇಲ್ಲ, ಬರುವ ಜೂನ್‌ನಿಂದಲೇ ಆರಂಭಿಸಬಹುದು.