ಬಿಳಿ ಕೋಟು ಬಂತು, ಕಣ್ಣಿಗೇನು?

ಪಳನಿ ಯಾತ್ರೆಗೆ ಹೋಗಿಬರುವ ನಮ್ಮ ಜಿಲ್ಲೆಯವರಿಗೆ ಮಡತ್ತುಕುಳಂ ತೀರ ಅಪರಿಚಿತ ಊರಲ್ಲ. ಪೊಳ್ಳಾಚಿ, ಉಡುಮಲೈಪೇಟೆ ದಾಟಿದ ಮೇಲೆ, ಪಳನಿಗೆ ಮೊದಲು, ಅಮರಾವತಿ ಹೊಳೆಯ ದಡದಲ್ಲಿ ಸಿಗುವ ಊರದು. ಹಿಂದೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 2009ರಲ್ಲಿ ತಿರುಪ್ಪೂರು ಜಿಲ್ಲೆ ಆದಂದಿನಿಂದ ಅದರ ಪಾಲಿಗೆ ಬಂದಿದೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು ಎಂದು ಬಾಳುವ ಕುಟುಂಬಗಳು ಆ ಸೀಮೆಯಲ್ಲಿ ಹಲವು. ಈ ಬಗೆಯ ಬಾಳು ಎಂಥದೆಂದು ಕಾಸರಗೋಡಿನವರಿಗೆ ವಿವರಿಸಬೇಕಾಗಿಲ್ಲ.

ಈಚೆಗೆ ಅಂಥ ಒಂದು ಮನೆಗೆ ಹೋಗಿದ್ದಾಗ, ಪ್ಲಸ್ ವನ್ ತರಗತಿಗೆ ಸೇರಿದ್ದ ಹುಡುಗಿ ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆಂದು ಕೊಂಡ ಹೊಸ ಬಿಳಿ ಕೋಟನ್ನು ತಂದು ತೋರಿಸಿದಳು. "ಇದಕ್ಕೆ ಇಸ್ತ್ರಿಯೇ ಬೇಡ ಮಾವ, ತೊಳೆದು ಹಾಕಿದರೆ ಸಾಕು" ಎಂದಳು. ಮುಟ್ಟಿ ನೋಡಿದರೆ ಅಪ್ಪಟ ಪಾಲಿಯೆಸ್ಟರ್. ದೇಶವಿದೇಶಗಳಿಗೆ ಹತ್ತಿಯ ಬನಿಯನ್ ಹೊಲಿದು ಕಳುಹಿಸುವ ತಿರುಪ್ಪೂರು ಜಿಲ್ಲೆಯಲ್ಲಿ ಮಕ್ಕಳ ಕೋಟಿಗೆ ಹತ್ತಿ ಸಿಗದೆ ಹೋಯಿತೆ! ಶಾಲೆಯವರು ಕೊಟ್ಟ ಪಟ್ಟಿಯನ್ನೂ ನೋಡಿದೆ. ಕೋಟು ಇತ್ತು, ರೆಕಾರ್ಡ್ ಪುಸ್ತಕ ಇತ್ತು, ಅದಕ್ಕೆ ಹಾಕಬೇಕಾದ ಹೊದಿಕೆಯ ಬಣ್ಣವೂ ಇತ್ತು. ಕಣ್ಣಿಗೆ ಹಾಕಿಕೊಳ್ಳಬೇಕಾದ ಕನ್ನಡಕದ ಮಾತೇ ಇರಲಿಲ್ಲ. ಇದು ತಮಿಳುನಾಡಿನ ಒಂದು ಶಾಲೆಯ ಸಂಗತಿ, ನಮಗೇನು ಎನ್ನುವವರು ತಮ್ಮ ಮನೆಯ ಮಕ್ಕಳ ಪಟ್ಟಿಯನ್ನು ಒಮ್ಮೆ ತೆಗೆದು ನೋಡಲಿ.

ಪ್ಲಸ್ ಟು ಮಕ್ಕಳು ಅಲ್ಲಿ ಮಾಡುವುದಾದರೂ ಏನು ಮಹಾ, ಎಂದು ಕೇಳುವವರಿದ್ದಾರೆ. ಲವಣಗಳನ್ನು ಗುರುತಿಸುವ ಪಾಠದಲ್ಲಿ ಕಂದು ಉಂಗುರದ ಪರೀಕ್ಷೆ ಎಂಬುದೊಂದಿದೆ. ಪ್ರನಾಳದ ಗೋಡೆಗುಂಟ ಸಾಂದ್ರ ಸಲ್ಫ್ಯೂರಿಕ್ ಆಮ್ಲವನ್ನು ಮೆಲ್ಲನೆ ಇಳಿಸಬೇಕು. ಕೈ ನಡುಗಿ ಒಮ್ಮೆಗೇ ಸುರಿದರೆ ದ್ರಾವಣ ಕಾದು ಮೇಲಕ್ಕೆ ಎರಚುತ್ತದೆ. ಅಮೋನಿಯಂ ಇದೆಯೇ ಎಂದು ತಿಳಿಯಲು ಲವಣವನ್ನು ಕಾಸ್ಟಿಕ್ ಸೋಡಾ ದ್ರಾವಣದೊಡನೆ ಕಾಯಿಸಿ ವಾಸನೆ ನೋಡುವ ಕ್ರಮವೂ ಇದೆ. ಮುಖ ಹತ್ತಿರ ತರಲೇಬೇಕು. ಕುದಿಯುವ ದ್ರಾವಣ ತಟಕ್ಕನೆ ಹಾರುವುದು ಅಂಥ ಹೊತ್ತಿನಲ್ಲಿಯೇ.

ಆಮ್ಲಕ್ಕೆ ಮಕ್ಕಳು ಹೆದರುತ್ತಾರೆ, ಕ್ಷಾರಕ್ಕೆ ಹೆದರುವುದಿಲ್ಲ. ಇದು ತಲೆಕೆಳಗಾದ ತಿಳುವಳಿಕೆ. ಬಲವಾದ ಆಮ್ಲವೂ ಕಣ್ಣು ಕಳೆಯಬಲ್ಲದು, ನಿಜ. ಆದರೂ ಆಮ್ಲ ತಾಗಿದ ಕಡೆ ಮೇಲ್ಪದರದ ಪ್ರೋಟೀನ್ ಹೆಪ್ಪುಗಟ್ಟಿ ಸ್ವಲ್ಪ ಮಟ್ಟಿಗೆ ತಡೆಯಾಗುತ್ತದೆ. ಕ್ಷಾರ ಹಾಗಲ್ಲ. ಅದು ಜೀವಕೋಶಗಳ ಕೊಬ್ಬನ್ನೇ ಸಾಬೂನಾಗಿಸುತ್ತ ಒಳಒಳಕ್ಕೆ ಇಳಿಯುತ್ತದೆ. ಎಲೆಯಡಿಕೆಯ ಸುಣ್ಣ ಮಗುವಿನ ಕಣ್ಣಿಗೆ ಬಿದ್ದರೆ ಏನಾಗುತ್ತದೆಂದು ಹಿರಿಯರು ಬಲ್ಲರು. ಅಡಿಕೆ ತೋಟಕ್ಕೆ ಮೈಲುತುತ್ತು ಸುಣ್ಣದ ಮದ್ದು ಬಿಡುವವರೂ ಬಲ್ಲರು. ಕಾಸ್ಟಿಕ್ ಸೋಡಾ ಆ ಸುಣ್ಣಕ್ಕಿಂತಲೂ ತೀಕ್ಷ್ಣವಾದುದು.

ಪ್ರಯೋಗಾಲಯದ ಮೇಜಿನ ಮೇಲೆ ಉರಿಯುವ ಬುನ್ಸೆನ್ ಬರ್ನರಿನ ಹೆಸರನ್ನು ಎಲ್ಲ ಮಕ್ಕಳೂ ಬರೆಯುತ್ತಾರೆ. ಆ ಬುನ್ಸೆನ್ ಎಂಬ ಜರ್ಮನ್ ವಿಜ್ಞಾನಿ ತರುಣನಾಗಿದ್ದಾಗ ಆರ್ಸೆನಿಕ್‌ನ ಒಂದು ಸಂಯುಕ್ತ ಸಿಡಿದು ಬಲಗಣ್ಣಿನ ದೃಷ್ಟಿ ಕಳೆದುಕೊಂಡನೆಂಬುದನ್ನು ಎಷ್ಟು ತರಗತಿಗಳಲ್ಲಿ ಹೇಳುತ್ತಾರೋ ಕಾಣೆ. ಹಂಫ್ರಿ ಡೇವಿಗೂ 1812ರಲ್ಲಿ ಇಂಥದೇ ಸ್ಫೋಟದಿಂದ ಕಣ್ಣಿಗೆ ಪೆಟ್ಟಾಗಿ, ಬರೆದುಕೊಡಲು ಒಬ್ಬ ಹುಡುಗ ಬೇಕಾಗಿ, ಮೈಕೆಲ್ ಫ್ಯಾರಡೆಗೆ ಬಾಗಿಲು ತೆರೆಯಿತು. ವಿಜ್ಞಾನಕ್ಕೆ ಅದರಿಂದ ಲಾಭವಾಯಿತೆನ್ನಿ; ಆದರೆ ಫ್ಯಾರಡೆ ಸಿಗಲೆಂದು ನಾವು ಮಕ್ಕಳ ಕಣ್ಣನ್ನು ಪಣಕ್ಕಿಡುವಂತಿಲ್ಲ.

ದೃಷ್ಟಿದೋಷಕ್ಕೆಂದು ಧರಿಸುವ ಕನ್ನಡಕ ಇದ್ದರೆ ಸಾಕಲ್ಲವೇ ಎನ್ನುವವರು ಅಧ್ಯಾಪಕರಲ್ಲಿಯೂ ಇದ್ದಾರೆ. ಸಾಲದು. ಅದರ ಮೇಲಿನಿಂದ, ಪಕ್ಕದಿಂದ ಹನಿ ನುಸುಳುತ್ತದೆ. ಬೇಕಾದುದು ಮುಖಕ್ಕೆ ಸುತ್ತಲೂ ಒತ್ತಿ ಕೂರುವ, ಹಿಂದೆ ಪಟ್ಟಿಯಿರುವ ಗಾಗಲ್ಸ್. ಇದರಲ್ಲಿಯೂ ಎರಡು ಜಾತಿ. ನೇರವಾದ ತೂತುಗಳಿರುವುದು ಮರ ಕೊಯ್ಯುವವರ, ಕಬ್ಬಿಣ ಉಜ್ಜುವವರ ಧೂಳಿಗೆ. ಆ ತೂತಿನಿಂದಲೇ ಆಮ್ಲ ಒಳಗೆ ಬರುತ್ತದೆ. ರಸಾಯನಕ್ಕೆ ಗಾಳಿಯ ದಾರಿ ಮುಚ್ಚಳದಡಿ ತಿರುಗಿ ಬರುವಂಥದು ಆಗಬೇಕು. ಗಾಜು ಪಾಲಿಕಾರ್ಬೊನೇಟಿನದಿರಲಿ. ಭಾರತೀಯ ಗುಣಮಟ್ಟದ ಐ.ಎಸ್. 5983 ಎಂಬ ಗುರುತನ್ನು ನೋಡಬೇಕು. ಅಮೆರಿಕದ ಗುಣಮಟ್ಟದ್ದಾದರೆ ಝಡ್ 87ರೊಡನೆ ಡಿ 3 ಎಂದಿದ್ದರೆ ಹನಿ ತಡೆಯುವಂಥದೆಂದು ಅರ್ಥ. ದೃಷ್ಟಿದೋಷದ ಕನ್ನಡಕವಿರುವ ಮಕ್ಕಳಿಗೆ ಅದರ ಮೇಲೆಯೇ ಹಾಕಿಕೊಳ್ಳಬಹುದಾದ ಅಗಲದ್ದೂ ದೊರೆಯುತ್ತದೆ.

ಇನ್ನು ಕೋಟು. ಪಾಲಿಯೆಸ್ಟರ್ ಆಮ್ಲವನ್ನು ಹತ್ತಿಗಿಂತ ಚೆನ್ನಾಗಿ ತಡೆಯುತ್ತದೆ, ಹತ್ತಿಗಾದರೆ ತೂತು ಬೀಳುತ್ತದೆ ಎಂಬ ವಾದವೊಂದಿದೆ. ಮಾತು ಸುಳ್ಳಲ್ಲ. ಆದರೆ ತೂತು ಬಿದ್ದ ಕೋಟನ್ನು ಬಿಚ್ಚಿ ಎಸೆಯಬಹುದು. ಬೆಂಕಿಗೆ ಕರಗಿದ ಪಾಲಿಯೆಸ್ಟರ್ ಮಯಣದಂತೆ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಹತ್ತಿಯೂ ಉರಿಯುತ್ತದೆ, ಕರಗಿ ಅಂಟುವುದಿಲ್ಲ. 2008ರ ಡಿಸೆಂಬರ್ 29ರಂದು ಅಮೆರಿಕದ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಶೆಹರಿ ಸಾಂಗ್ಜಿ ಎಂಬ 23 ವರ್ಷದ ತರುಣಿಯ ಮೈಮೇಲೆ, ಗಾಳಿ ತಾಗಿದೊಡನೆ ಹೊತ್ತಿಕೊಳ್ಳುವ ರಾಸಾಯನಿಕ ಚೆಲ್ಲಿತು. ಆಕೆ ಕೋಟು ಧರಿಸಿರಲಿಲ್ಲ. ಮೈಮೇಲಿದ್ದುದು ಕೃತಕ ನೂಲಿನ ಸ್ವೆಟರ್. ಹದಿನೆಂಟು ದಿನಗಳ ತರುವಾಯ, 2009ರ ಜನವರಿ 16ರಂದು, ತೀರಿಕೊಂಡಳು. ಅಷ್ಟು ದೊಡ್ಡ ಸಂಸ್ಥೆಯಲ್ಲಿ ಆದದ್ದು ಇದು.

ಕೋಟಿನ ತೋಳು ಮಣಿಕಟ್ಟಿನ ತನಕ, ಉದ್ದ ಮೊಣಕಾಲಿನ ತನಕ ಇರಬೇಕು. ಗುಂಡಿಗಿಂತ ಒಂದೇ ಎಳೆತಕ್ಕೆ ಬಿಚ್ಚುವ ಟಿಚ್ ಬಟನ್ ಲೇಸು. ಹುಡುಗಿಯರ ದುಪಟ್ಟಾ ಕೋಟಿನೊಳಗಿರಲಿ, ಜಡೆ ಕಟ್ಟಿರಲಿ. ಹವಾಯಿ ಚಪ್ಪಲಿಯಲ್ಲಿ ಪ್ರಯೋಗಾಲಯಕ್ಕೆ ಬಿಡಬಾರದು.

ಖರ್ಚಿನ ಮಾತು. ಕೋಟು ಮೈಯಳತೆಯದು, ಅದನ್ನು ಮನೆಯವರೇ ಹೊಲಿಸಲಿ. ಗಾಗಲ್ಸ್ ಹಾಗಲ್ಲ. ಒಂದು ಹೊತ್ತಿಗೆ ಪ್ರಯೋಗಾಲಯದಲ್ಲಿ ನಿಲ್ಲುವವರು ಇಪ್ಪತ್ತೈದು ಮಂದಿ ಎಂದಿಟ್ಟುಕೊಂಡರೆ, ಅಷ್ಟನ್ನು ಮತ್ತು ಅಧ್ಯಾಪಕರಿಗೊಂದನ್ನು ಶಾಲೆ ತರಿಸಿಟ್ಟರೆ ಎಲ್ಲ ತಂಡಗಳಿಗೂ ಆಯಿತು. ಪ್ರತಿಸಲ ಸಾಬೂನು ನೀರಿನಲ್ಲಿ ತೊಳೆದಿಟ್ಟರೆ ವರ್ಷಗಟ್ಟಲೆ ಬಾಳುತ್ತದೆ. ರಕ್ಷಕ ಶಿಕ್ಷಕ ಸಂಘಗಳು ವಾರ್ಷಿಕೋತ್ಸವದ ಶಾಮಿಯಾನದಲ್ಲಿ ಒಂದು ಚಪ್ಪರ ಕಡಿಮೆ ಮಾಡಿದರೂ ಸಾಕಾದೀತು. ಇದರೊಡನೆ, ಕಣ್ಣಿಗೆ ಏನಾದರೂ ಬಿದ್ದರೆ ಹದಿನೈದು ನಿಮಿಷ ಬಿಡದೆ ನೀರು ಹರಿಸಬೇಕು, ಆಮೇಲೆ ಆಸ್ಪತ್ರೆ ಎಂಬ ಎಚ್ಚರಿಕೆಯನ್ನು ನಲ್ಲಿಯ ಮೇಲೆ ಬರೆಸಬೇಕು. ನಮ್ಮಲ್ಲಿ ಆ ಬರಹ ಮಲಯಾಳದಲ್ಲಿ ಎಷ್ಟು ದೊಡ್ಡದಾಗಿರುವುದೋ ಕನ್ನಡದಲ್ಲಿಯೂ ಅಷ್ಟೇ ದೊಡ್ಡದಾಗಿರಲಿ. ಉರಿಯುವ ಕಣ್ಣಿನ ಮಗು ಅನುವಾದ ಮಾಡಿಕೊಳ್ಳುತ್ತ ನಿಲ್ಲಲಾರದು.

ಪ್ರಾಯೋಗಿಕ ಪರೀಕ್ಷೆಯ ದಿನ ರೆಕಾರ್ಡ್ ಪುಸ್ತಕ ತರದ ಮಗುವನ್ನು ಹೊರಗೆ ನಿಲ್ಲಿಸಲಾಗುತ್ತದೆ. ಕಣ್ಣಿಗೆ ರಕ್ಷಣೆಯಿಲ್ಲದೆ ಮಕ್ಕಳನ್ನು ಒಳಗೆ ಬಿಡುವುದಿಲ್ಲವೆಂಬ ನಿಯಮವನ್ನು ಪರೀಕ್ಷಾಮಂಡಳಿಯವರು ಏಕೆ ಮಾಡಬಾರದು?

ಮಡತ್ತುಕುಳಂನ ಹುಡುಗಿಯ ಕೋಟನ್ನು ಅಂಗಡಿಯವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ತಾಯಿ ಬಿಳಿ ಹತ್ತಿ ಬಟ್ಟೆ ತಂದು ಬೇರೆ ಹೊಲಿಸಿದರು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕ ಗಾಗಲ್ಸ್ ತೂತಿನದೇ ಆಗಿತ್ತು. ಸರಿಯಾದುದನ್ನು ಕೊಯಮತ್ತೂರಿನಿಂದ ತರಿಸಬೇಕಾಯಿತು. ಮೊನ್ನೆ ಫೋನಿನಲ್ಲಿ ಮಾತನಾಡಿದಾಗ, ತರಗತಿಯಲ್ಲಿ ಅದನ್ನು ಹಾಕಿಕೊಳ್ಳುವವಳು ತಾನೊಬ್ಬಳೇ, ಉಳಿದವರೆಲ್ಲ ನಗುತ್ತಾರೆ ಎಂದಳು. ಮೇಷ್ಟ್ರು ಏನೆನ್ನುತ್ತಾರೆಂದು ಕೇಳಿದೆ. "ಅವರೂ ನಗ್ತಾರೆ ಮಾವ" ಎಂದಳು.